ಹೂಂಗುಟ್ಟುವ ರೋಬೋಟ್: ಮಾತಿಲ್ಲದ ಯಂತ್ರಕ್ಕೆ ಮೈಮಾತು ಕಲಿಸುವ ಬಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಿ ಕತೆ ಹೇಳುವಾಗ ಒಂದೇ ಷರತ್ತು. ಕೇಳುವವರು ಹೂಂ ಅನ್ನುತ್ತಿರಬೇಕು. ಎರಡು ಮಾತಿಗೊಂದು ಹೂಂ ಬರದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. "ಏನೋ, ನಿದ್ದೆ ಬಂತಾ?" ಅಂತ ಒಂದು ಸಲ ಕೇಳುತ್ತಿದ್ದಳು. ಉತ್ತರ ಬರದಿದ್ದರೆ ದೀಪ ಆರಿಸಿ ತಾನೂ ಮಲಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ನಾನು ಒಂದು ಪುಟ್ಟ ರೋಬೋಟ್ ಕಟ್ಟಿದೆ. ಅದಕ್ಕೆ ಬಾಯಿಲ್ಲ, ಕಣ್ಣಿಲ್ಲ, ಕೈಕಾಲಿಲ್ಲ. ಇರುವುದು ಒಂದು ತಲೆ, ಮೂರು ಮೋಟಾರಿನ ಕತ್ತು. ಅದು ಮಾಡುವುದು ಒಂದೇ ಕೆಲಸ: ಎದುರಿಗೆ ಕೂತವರು ಮಾತಾಡಿದರೆ ಸರಿಯಾದ ಹೊತ್ತಿಗೆ ತಲೆದೂಗುವುದು. ಒಂದು ಪದವೂ ಅದಕ್ಕೆ ಅರ್ಥವಾಗುವುದಿಲ್ಲ. ಇಷ್ಟನ್ನೂ ಅಜ್ಜಿಗೆ ಬಿಡಿಸಿ ಹೇಳಿದ್ದೆ. ಆದರೂ ಮೂರನೇ ದಿನ ಅವಳು ಅದರ ಮುಂದೆ ಕೂತು ಅಡಿಕೆ ತೋಟದ ದೆವ್ವದ ಕತೆಯನ್ನು ಅರ್ಧ ಗಂಟೆ ಹೇಳಿದಳು.

ರೋಬೋಟಿನ ಜತೆ ಸಹಾನುಭೂತಿ ಅಂದ ಕೂಡಲೇ ಜನ ನಗುವ ಮುಖ, ನೀರು ತುಂಬಿದ ಕಣ್ಣು ಅಂತ ಯೋಚಿಸುತ್ತಾರೆ. ಮುಖಕ್ಕೆ ಸುರಿಯುವ ದುಡ್ಡಿನಲ್ಲಿ ಕಾಲು ಭಾಗ ಕತ್ತಿಗೆ ಹಾಕಿದರೂ ಜಾಸ್ತಿ ಕೆಲಸ ಆಗುತ್ತದೆ ಅನ್ನುವುದು ನನ್ನ ಅನುಭವ. ಎದುರಿನ ವಸ್ತು ನನ್ನ ಕಡೆ ಗಮನ ಕೊಟ್ಟಿದೆ ಅನ್ನಿಸಬೇಕು. ಅದು ಹೊತ್ತಿನಿಂದ ಬರುತ್ತದೆ. ಎಷ್ಟು ಹೊತ್ತು ತಡೆದು, ಎಷ್ಟು ನಿಧಾನಕ್ಕೆ, ಎಷ್ಟು ಸಣ್ಣದಾಗಿ ಅಲ್ಲಾಡಿತು ಅನ್ನುವುದರಿಂದ.

ನೀವು ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಓದುತ್ತಿದ್ದರೆ, ಇಲ್ಲಾ ನಿಮ್ಮ ಶಾಲೆಯಲ್ಲಿ ಟಿಂಕರಿಂಗ್ ಲ್ಯಾಬ್ ಇದ್ದರೆ, ಇದನ್ನು ಎರಡು ಮೂರು ವಾರದಲ್ಲಿ ಮಾಡಬಹುದು. ಆರ್ಡುಯಿನೊ ಅನ್ನುವ, ಕೋಡ್ ಹಾಕಿ ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡಿನಲ್ಲಿ ಎಲ್‌ಇಡಿ ಮಿನುಗಿಸಲು ಬಂದರೆ ಸಾಕು, ಉಳಿದದ್ದು ಮಾಡ್ತಾ ಮಾಡ್ತಾ ಬರುತ್ತದೆ.

1. ಮೊದಲು ಒಂದು ವಾರ ಸುಮ್ನೆ ನೋಡಿ

ಸಾಮಾನು ತರಲು ಓಡಬೇಡಿ. ಒಂದು ನೋಟ್‌ಬುಕ್ ಹಿಡಿದು ಬಸ್‌ಸ್ಟ್ಯಾಂಡಿನಲ್ಲೋ ಹೋಟೆಲಿನಲ್ಲೋ ಕೂರಿ. ಮಾತಾಡುವವರನ್ನು ಬಿಡಿ, ಕೇಳುವವರನ್ನು ನೋಡಿ. ಮಾತು ಕೇಳಿಸದಷ್ಟು ದೂರ ಕೂತರೆ ಒಳ್ಳೆಯದು. ಧಾರಾವಾಹಿ ಮ್ಯೂಟ್ ಮಾಡಿ ನೋಡುವುದೂ ಒಂದು ದಾರಿ, ಆದರೆ ಅಲ್ಲಿ ಎಲ್ಲರೂ ಹುಬ್ಬನ್ನು ಸ್ವಲ್ಪ ಜಾಸ್ತಿಯೇ ಎತ್ತುತ್ತಾರೆ.

ಬರೆದುಕೊಳ್ಳಬೇಕಾದ್ದು ಮೂರು: ತಲೆ ಯಾವಾಗ ಅಲ್ಲಾಡಿತು, ಎಷ್ಟು ಅಲ್ಲಾಡಿತು, ಎಷ್ಟು ಹೊತ್ತು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ದಿನವೇ ಸಿಕ್ಕಿದ್ದು ಇದು. ಕೇಳುವವರ ತಲೆದೂಗು ನಾವು ಅಂದುಕೊಂಡದ್ದಕ್ಕಿಂತ ತುಂಬಾ ಸಣ್ಣದು. ಕೆಳಗೆ ಹೋಗುವುದು ಬೇಗ, ಮೇಲೆ ಬರುವುದು ನಿಧಾನ. ಹೇಳುವವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಅದು ಬೀಳುತ್ತದೆ. ಅಯ್ಯೋ ಅನ್ನಿಸುವ ಕಡೆ ಲೊಚಗುಟ್ಟುತ್ತಾರೆ, ಆಗ ತಲೆ ಮೇಲೆ ಕೆಳಗೆ ಆಡುವುದಿಲ್ಲ, ಸ್ವಲ್ಪ ಓರೆಯಾಗುತ್ತದೆ. ಇನ್ನು ನಮ್ಮದೇ ಆದ ಒಂದು ತಲೆಯಾಟ ಇದೆಯಲ್ಲ, ಹೌದೂ ಅಲ್ಲ ಇಲ್ಲವೂ ಅಲ್ಲ, "ಆಯ್ತು, ಮುಂದೆ ಹೇಳಿ" ಅನ್ನುವಂಥದ್ದು. ಕಿವಿ ಹೆಗಲ ಕಡೆಗೆ ಒಮ್ಮೆ ಆಚೆ, ಒಮ್ಮೆ ಈಚೆ. ಅದನ್ನು ಬೇರೆ ಪುಟದಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ಸಣ್ಣ ಚಲನೆಯಿಂದ ಏನಾದೀತು ಅಂತ ಅನುಮಾನ ಬಂದರೆ ಒಂದು ಹಳೆಯ ಪ್ರಯೋಗ ನೆನಪಿಡಿ. 1944ರಲ್ಲಿ ಅಮೆರಿಕದಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಿತ್ರ ಮಾಡಿದರು. ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು, ಅಷ್ಟೇ. ನೋಡಿದ್ದನ್ನು ಬರೆಯಿರಿ ಅಂತ 34 ಜನಕ್ಕೆ ಹೇಳಿದರು. ಒಬ್ಬರು ಮಾತ್ರ ತ್ರಿಕೋನ ಸರಿಯಿತು, ವೃತ್ತ ಒಳಗೆ ಹೋಯಿತು ಅಂತ ಬರೆದರು. ಉಳಿದವರಿಗೆ ಕಂಡದ್ದು ಜಗಳ, ಹೆದರಿಕೆ, ಪ್ರೀತಿ, ದಬ್ಬಾಳಿಕೆ. ಕಣ್ಣು ಮೂಗು ಇಲ್ಲದ ಆಕಾರಗಳಲ್ಲಿ ಜನ ಮನಸ್ಸನ್ನು ಕಂಡರು.

ಇಲ್ಲೇ ಒಂದು ಎಚ್ಚರಿಕೆ. ವ್ಯಕ್ತಿತ್ವ ವಿಕಸನದ ಕ್ಲಾಸುಗಳಲ್ಲಿ "ಮಾತಿನಲ್ಲಿ ಪದಗಳ ಪಾಲು ಶೇ. 7, ಉಳಿದ 93 ಧ್ವನಿ ಮತ್ತು ಮೈಮಾತು" ಅಂತ ಹೇಳುತ್ತಾರಲ್ಲ, ಅದನ್ನು ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಕಬೇಡಿ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳು ಒಂದೊಂದೇ ಪದದಲ್ಲಿ ಇಷ್ಟವೋ ಇಷ್ಟವಿಲ್ಲವೋ ಅಂತ ಜನ ಹೇಗೆ ಊಹಿಸುತ್ತಾರೆ ಅನ್ನುವುದರ ಬಗ್ಗೆ. ಎಲ್ಲ ಮಾತುಕತೆಗೂ ಆ ಲೆಕ್ಕ ಅಂಟಿಸಿದ್ದು ಆಮೇಲಿನವರು.

2. ಮೋಟಾರಿಗೆ ಮೊದಲು ಕೈ

ತಲೆಗೆ ನಾನು ಬಳಸಿದ್ದು ಎರಡು ಅಡಿಕೆ ಹಾಳೆ ಬಟ್ಟಲು. ಬಾಯಿಗೆ ಬಾಯಿ ಕೂಡಿಸಿ ದಾರದಲ್ಲಿ ಹೊಲಿದೆ. ಹಗುರ, ಗಟ್ಟಿ, ಮೈಮೇಲೆ ತನ್ನದೇ ಗೆರೆಗಳಿರುತ್ತವೆ. ಒಂದು ಬದಿಯ ಅಂಚನ್ನು ಸ್ವಲ್ಪ ಮುಂದಕ್ಕೆ ಚಾಚಿದಂತೆ ಬಿಡಿ. ಮುಂದೆ ಯಾವುದು, ಹಿಂದೆ ಯಾವುದು ಅಂತ ದೂರದಿಂದ ಗೊತ್ತಾಗಲೇಬೇಕು. ಮುಖ ಬೇಡ, ದಿಕ್ಕು ಬೇಕು.

ಕಣ್ಣು ಬರೆಯಬೇಕು ಅಂತ ಕೈ ತುರಿಸುತ್ತದೆ. ತಡೆಯಿರಿ. ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಹೇಳಿದ ಮಾತೊಂದಿದೆ: ಯಂತ್ರ ಮನುಷ್ಯನಂತೆ ಕಾಣುತ್ತಾ ಹೋದಷ್ಟೂ ನಮಗೆ ಇಷ್ಟವಾಗುತ್ತದೆ, ಆದರೆ ಇನ್ನೇನು ಪೂರ್ತಿ ಮನುಷ್ಯನಂತೆ ಅನ್ನುವಾಗ ಒಮ್ಮೆಲೇ ಅಸಹ್ಯವಾಗತೊಡಗುತ್ತದೆ. ಆ ಕುಸಿತಕ್ಕೆ ಆತ ಕಣಿವೆ ಅಂತ ಹೆಸರಿಟ್ಟ. ಅದೇ ಜಪಾನಿನಲ್ಲಿ ತಕನೋರಿ ಶಿಬಾತ 1993ರಲ್ಲಿ ಪಾರೊ ಅನ್ನುವ ರೋಬೋಟಿನ ಕೆಲಸ ಶುರು ಮಾಡಿದರು. ಮರೆವಿನ ಕಾಯಿಲೆಯ ಹಿರಿಯರ ತೊಡೆಯ ಮೇಲೆ ಕೂರುವ ಬಿಳಿ ಸೀಲ್ ಮರಿ ಅದು. ನಾಯಿ ಬೆಕ್ಕು ಬಿಟ್ಟು ಸೀಲ್ ಯಾಕೆ? ನಾಯಿ ಬೆಕ್ಕು ಹೇಗಿರುತ್ತವೆ ಅಂತ ಎಲ್ಲರಿಗೂ ಗೊತ್ತು, ಕೂಡಲೇ ತಪ್ಪು ಹಿಡಿಯುತ್ತಾರೆ. ಸೀಲ್ ಮರಿಯನ್ನು ಯಾರು ಸಾಕಿದ್ದಾರೆ? ಹಾಳೆ ಬಟ್ಟಲಿನದ್ದೂ ಅದೇ ಅನುಕೂಲ. ಇದು ಹೇಗಿರಬೇಕು ಅಂತ ಯಾರಿಗೂ ಮೊದಲೇ ಗೊತ್ತಿಲ್ಲ.

ತಲೆ ಆಯ್ತಾ? ಈಗ ಅದನ್ನು ಒಂದು ಕೋಲಿಗೆ ಸಿಕ್ಕಿಸಿ, ಮೇಜಿನ ಹಿಂದೆ ಅಡಗಿ ಕೂರಿ. ಮನೆಯವರೊಬ್ಬರನ್ನು ಎದುರಿಗೆ ಕೂರಿಸಿ ಏನಾದರೂ ಹೇಳಲು ಬಿಡಿ. ನೀವು ಕೈಯಲ್ಲೇ ತಲೆ ಆಡಿಸಿ. ಒಂದು ಸಾಲು ಕೋಡ್ ಬರೆಯುವ ಮೊದಲು ಈ ಆಟವನ್ನು ಕನಿಷ್ಠ ಹತ್ತು ಸಲ ಆಡಬೇಕು. ನಮ್ಮ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಇದು ಹೊಸದಲ್ಲ. ಮರದ ಮುಖ ಒಂದಿಷ್ಟೂ ಬದಲಾಗುವುದಿಲ್ಲ, ಆದರೂ ಗೊಂಬೆಗೆ ಸಿಟ್ಟು ಬಂತು, ಗೊಂಬೆ ನಾಚಿತು ಅಂತ ನಮಗೆ ಅನ್ನಿಸುತ್ತದೆ. ಸೂತ್ರ ಹಿಡಿದ ಬೆರಳು ಅಷ್ಟು ಮಾಡುತ್ತದೆ. ಜಪಾನಿನ ನೋ ನಾಟಕದಲ್ಲೂ ಮುಖವಾಡ ಒಂದೇ. ಸ್ವಲ್ಪ ಮೇಲೆತ್ತಿದರೆ ನಕ್ಕಂತೆ, ಸ್ವಲ್ಪ ತಗ್ಗಿಸಿದರೆ ದುಃಖಪಟ್ಟಂತೆ ಕಾಣುತ್ತದೆ.

ನನಗೆ ಈ ಆಟದಲ್ಲಿ ತಿಳಿದದ್ದು: ನನ್ನ ಕೈ ತಾನಾಗಿ ಮಾಡುತ್ತಿದ್ದದ್ದರಲ್ಲಿ ಅರ್ಧ ಬರೀ ಸುಮ್ಮನಿರುವುದು. ತಲೆ ಅಲ್ಲಾಡದೆ ನಿಂತಾಗಲೇ ಅದು ಕೇಳುತ್ತಿದೆ ಅನ್ನಿಸುತ್ತಿತ್ತು. ಒಬ್ಬರ ಕೈಯಲ್ಲಿ ವಿಡಿಯೊ ಮಾಡಿಸಿಕೊಳ್ಳಿ. ಆಮೇಲೆ ಕೋಡ್ ಬರೆಯುವಾಗ ಆ ವಿಡಿಯೊ ನೋಡಿಯೇ ಸೆಕೆಂಡು ಎಣಿಸುವುದು.

3. ಸಾಮಾನು, ಮತ್ತು ಚಳಿ ಜ್ವರ

ಬೇಕಾದ್ದು ಇಷ್ಟು. ಒಂದು ಆರ್ಡುಯಿನೊ ಊನೊ. ಮೂರು ಎಸ್‌ಜಿ90 ಸರ್ವೊ ಮೋಟಾರ್ (ಹೇಳಿದ ಡಿಗ್ರಿಗೆ ತಿರುಗಿ ನಿಲ್ಲುವಂಥದ್ದು), ಒಂದೊಂದು 9 ಗ್ರಾಂ ತೂಗುವ ನೀಲಿ ಬಣ್ಣದ್ದು. ದೂರ ಅಳೆಯಲು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್, ಅಂದರೆ ಕಿವಿಗೆ ಕೇಳಿಸದ ಸದ್ದು ಕಳಿಸಿ ಪ್ರತಿಧ್ವನಿಗೆ ಕಾಯುವಂಥದ್ದು. ಮ್ಯಾಕ್ಸ್4466 ಮೈಕ್ ಮಾಡ್ಯೂಲ್. 5 ವೋಲ್ಟ್ 2 ಆಂಪಿಯರಿನ ಅಡಾಪ್ಟರ್. ಒಂದು 1000 ಮೈಕ್ರೊಫ್ಯಾರಡ್ ಕೆಪಾಸಿಟರ್. ವೈರು, ಹಾಟ್ ಗ್ಲೂ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಎಲ್ಲ ಸಿಗುತ್ತದೆ, ಉಳಿದವರು ಆನ್‌ಲೈನ್ ತರಿಸಿ.

ಮೂರು ಮೋಟಾರ್ ಯಾಕೆ? ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬ್ರಾಕೆಟ್ಟು ಎರಡಕ್ಕೇ ಇರುತ್ತದೆ. ಎಡ ಬಲ ತಿರುಗಲು ಒಂದು, ಮೇಲೆ ಕೆಳಗೆ ಆಡಲು ಇನ್ನೊಂದು. ಹೆಸರುವಾಸಿ ರೋಬೋಟ್‌ಗಳಾದ ನಾವೊ, ಪೆಪ್ಪರ್ ಇವುಗಳ ಕತ್ತೂ ಇಷ್ಟೇ. ಹೌದು ಅನ್ನಬಲ್ಲವು, ಇಲ್ಲ ಅನ್ನಬಲ್ಲವು. ನಮ್ಮ "ಆಯ್ತು ಆಯ್ತು" ಅನ್ನುವ ತಲೆಯಾಟ ಅವುಗಳಿಂದ ಸಾಧ್ಯವೇ ಇಲ್ಲ, ಕತ್ತಿನಲ್ಲಿ ಆ ಕೀಲೇ ಇಲ್ಲ. ಫ್ರಾನ್ಸಿನಲ್ಲಿ ವಿನ್ಯಾಸ ಮಾಡಿದವರಿಗೆ ಅದರ ಕೊರತೆ ಕಾಣದೆ ಇದ್ದಿರಬಹುದು. ನಮಗೆ ಕಾಣುತ್ತದೆ. ಹಾಗಾಗಿ ಮೂರನೆಯದನ್ನು ತಲೆಯ ಹಿಂದೆ, ಶಾಫ್ಟು ಮುಂದಕ್ಕೆ ಬರುವಂತೆ, ಹಾಟ್ ಗ್ಲೂ ಹಾಕಿ ಅಂಟಿಸಿ. ಓರೆ ಮಾಡುವುದೂ ಇದೇ ಮೋಟಾರು.

ಮೋಟಾರುಗಳಿಗೆ ಕರೆಂಟನ್ನು ಆರ್ಡುಯಿನೊದ 5 ವೋಲ್ಟ್ ಪಿನ್ನಿನಿಂದ ಕೊಡಬೇಡಿ. ನಾನು ಕೊಟ್ಟಿದ್ದೆ. ಮೂರೂ ಒಟ್ಟಿಗೆ ತಿರುಗಲು ಹೋದಾಗ ವೋಲ್ಟೇಜು ಕುಸಿದು ಬೋರ್ಡ್ ರೀಸೆಟ್ ಆಗುತ್ತಿತ್ತು, ಮತ್ತೆ ಶುರುವಾಗಿ ಮತ್ತೆ ಕುಸಿಯುತ್ತಿತ್ತು. ತಲೆ ಗಡಗಡ ನಡುಗುತ್ತಿತ್ತು. ಅಜ್ಜಿ ಒಳಗಿಂದ ಬಂದವಳು ನೋಡಿ, "ಮಾರಾಯ, ಇದಕ್ಕೆ ಚಳಿ ಜ್ವರ ಬಂದಿದೆಯಲ್ಲ" ಅಂದಳು. ಅಡಾಪ್ಟರಿನಿಂದ ನೇರ ಮೋಟಾರುಗಳಿಗೆ ಕೊಡಿ, ಕೆಪಾಸಿಟರನ್ನು ಆ ಸಪ್ಲೈಗೆ ಅಡ್ಡ ಹಾಕಿ (ಪ್ಲಸ್ ಮೈನಸ್ ಸರಿಯಾಗಿ ನೋಡಿ), ಅಡಾಪ್ಟರಿನ ಗ್ರೌಂಡನ್ನೂ ಬೋರ್ಡಿನ ಗ್ರೌಂಡನ್ನೂ ಸೇರಿಸಿ. ಗ್ರೌಂಡ್ ಸೇರಿಸುವುದು ಮರೆತರೂ ಜ್ವರ ಬರುತ್ತದೆ.

ಆದರೆ ಅಜ್ಜಿಯ ಮಾತಿನಲ್ಲಿ ಒಂದು ಪಾಠ ಇತ್ತು. ಬೇಕಂತ ಮಾಡದ ಚಲನೆಗೂ ಜನ ಅರ್ಥ ಹಚ್ಚುತ್ತಾರೆ. ಸಡಿಲ ಸ್ಕ್ರೂ, ಹಲ್ಲು ಸವೆದ ಗೇರು, ಎಲ್ಲವೂ ಅವರ ಕಣ್ಣಿಗೆ ಮೈಮಾತೇ.

4. ಕತ್ತು ತಿರುಗುವ ಚೆಂದ

ಸರ್ವೊಗೆ "90 ಡಿಗ್ರಿಗೆ ಹೋಗು" ಅಂದರೆ ಹಾರಿ ಹೋಗುತ್ತದೆ. ಎಸ್‌ಜಿ90 ಭಾರವಿಲ್ಲದೆ 60 ಡಿಗ್ರಿ ತಿರುಗಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಮನುಷ್ಯರು ಆ ವೇಗದಲ್ಲಿ ತಿರುಗುವುದು ಬೆಚ್ಚಿಬಿದ್ದಾಗ ಮಾತ್ರ. ಅದಕ್ಕೇ ಎಷ್ಟೋ ಕಾಲೇಜು ರೋಬೋಟ್‌ಗಳು ಸದಾ ಗಾಬರಿಯಾದಂತೆ ಕಾಣುವುದು.

ಹಾಗಾಗಿ ಒಂದೊಂದೇ ಡಿಗ್ರಿಯಾಗಿ ನಡೆಸಿ. ಪ್ರತಿ ಡಿಗ್ರಿಯ ನಡುವೆ ಮೊದಲು 30 ಮಿಲಿಸೆಕೆಂಡ್, ಮಧ್ಯದಲ್ಲಿ 12, ಕೊನೆಗೆ ಮತ್ತೆ 30. ನಿಧಾನಕ್ಕೆ ಹೊರಟು, ಓಡಿ, ನಿಧಾನಕ್ಕೆ ನಿಲ್ಲಬೇಕು, ಎತ್ತಿನಗಾಡಿಯ ಹಾಗೆ. ಅನಿಮೇಷನ್ ಮಾಡುವವರು ಇದನ್ನು ದಶಕಗಳಿಂದ ಬಲ್ಲರು. ತಿರುಗುವ ಮೊದಲು ಎರಡು ಡಿಗ್ರಿ ಉಲ್ಟಾ ದಿಕ್ಕಿಗೆ ಸರಿದು ಆಮೇಲೆ ಹೊರಟರೆ ಇನ್ನೂ ಚೆಂದ. ಎದುರಿನವರಿಗೆ "ಈಗೇನೋ ಮಾಡುತ್ತದೆ" ಅಂತ ಮೊದಲೇ ಸುಳಿವು ಸಿಗುತ್ತದೆ, ಬೆಚ್ಚುವುದಿಲ್ಲ. 2012ರಲ್ಲಿ ಬಂದ ಬ್ಯಾಕ್ಸ್‌ಟರ್ ಅನ್ನುವ ಫ್ಯಾಕ್ಟರಿ ರೋಬೋಟಿಗೆ ಇದೇ ಕಾರಣಕ್ಕೆ ಪರದೆಯ ಮೇಲೆ ಎರಡು ಕಣ್ಣು ಕೊಟ್ಟಿದ್ದರು. ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಣ್ಣು ಮೊದಲು ಹೋಗುತ್ತಿತ್ತು. ಪಕ್ಕದಲ್ಲಿ ನಿಂತ ಕೆಲಸಗಾರ ಅಷ್ಟರಲ್ಲಿ ಜಾಗ ಬಿಡಬಹುದು.

ನನ್ನ ಅಳತೆ ಹೇಳುತ್ತೇನೆ, ನಿಮ್ಮ ವಿಡಿಯೊ ನೋಡಿ ತಿದ್ದಿಕೊಳ್ಳಿ. ಹೂಂ: 10 ಡಿಗ್ರಿ ಕೆಳಗೆ, ಕಾಲು ಸೆಕೆಂಡಿನಲ್ಲಿ, ಮೇಲೆ ಬರಲು ಅರ್ಧ ಸೆಕೆಂಡು. ಆಯ್ತು: ಎಡಕ್ಕೆ 8 ಡಿಗ್ರಿ ಓರೆ, ಬಲಕ್ಕೆ 8, ಎಡಕ್ಕೆ 4, ಆಮೇಲೆ ಮಧ್ಯಕ್ಕೆ. ಅಯ್ಯೋ: ಒಂದೇ ಬದಿಗೆ 12 ಡಿಗ್ರಿ ಓರೆಯಾಗಿ ಎರಡು ಸೆಕೆಂಡು ಅಲ್ಲೇ ನಿಲ್ಲುವುದು.

ಇನ್ನೊಂದು ವಿಷಯ. ಪೂರ್ತಿ ಸುಮ್ಮನಿರುವ ತಲೆ ಸತ್ತಂತೆ ಕಾಣುತ್ತದೆ. ನಾಲ್ಕು ಸೆಕೆಂಡಿಗೊಮ್ಮೆ ಒಂದು ಡಿಗ್ರಿ ಮೇಲೆ, ಒಂದು ಡಿಗ್ರಿ ಕೆಳಗೆ ಆಡಿಸಿ. ಉಸಿರಾಟ ಅಂತ ಯಾರೂ ಹೇಳುವುದಿಲ್ಲ, ಆದರೆ ತೆಗೆದುಬಿಟ್ಟರೆ "ಆಫ್ ಆಯ್ತಾ?" ಅಂತ ಕೇಳುತ್ತಾರೆ.

ಕೋಡಿನಲ್ಲಿ ಎಲ್ಲೂ ಡಿಲೇ (ಬೋರ್ಡನ್ನು ಸುಮ್ಮನೆ ಕಾಯಿಸುವ ಆಜ್ಞೆ) ಬಳಸಬೇಡಿ. ಡಿಲೇ ನಡೆಯುವಷ್ಟು ಹೊತ್ತು ನಿಮ್ಮ ರೋಬೋಟ್ ಕಿವುಡು. ಬೋರ್ಡಿನ ಗಡಿಯಾರ ಓದುವ ಮಿಲಿಸ್ ಫಂಕ್ಷನ್ ಇಟ್ಟುಕೊಂಡು "ಮುಂದಿನ ಹೆಜ್ಜೆಯ ಹೊತ್ತು ಬಂತಾ" ಅಂತ ಸುತ್ತು ಸುತ್ತಿಗೆ ಕೇಳುವಂತೆ ಬರೆಯಿರಿ.

5. ದೂರ, ಮತ್ತು ಅಜ್ಜಿಯ ಶಾಲು

ಯಾರಾದರೂ ಬಂದು ಕೂತರೆ ತಲೆ ಎತ್ತಬೇಕು, ಎದ್ದು ಹೋದರೆ ನಿಧಾನಕ್ಕೆ ಬೇರೆ ಕಡೆ ತಿರುಗಬೇಕು, ತೀರಾ ಮುಖಕ್ಕೆ ಮುಖ ತಂದರೆ ಸ್ವಲ್ಪ ಹಿಂದಕ್ಕೆ ವಾಲಬೇಕು. ಕೊನೆಯದನ್ನು ನಾನು ಕಲಿತದ್ದು ಕಿಸ್ಮೆಟ್‌ನಿಂದ. 1990ರ ದಶಕದ ಕೊನೆಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಬ್ರೀಝೀಲ್ ಕಟ್ಟಿದ ಬರೀ ತಲೆಯ ರೋಬೋಟ್ ಅದು. ಮಗುವಿನ ಹಾಗೆ ಅರ್ಥವಿಲ್ಲದ ಸದ್ದು ಮಾಡುತ್ತಿತ್ತು. ತುಂಬಾ ಹತ್ತಿರ ಹೋದರೆ ಹಿಂದೆ ಸರಿಯುತ್ತಿತ್ತು. ಆಗ ಎದುರಿನವರೂ ತಾವಾಗಿ ಹಿಂದೆ ಸರಿಯುತ್ತಿದ್ದರು. ಅದರ ಕ್ಯಾಮೆರಾಗೂ ಆ ದೂರವೇ ಅನುಕೂಲ! ಒಂದು ಮಾತೂ ಆಡದೆ ಕೆಲಸ ಮಾಡಿಸಿಕೊಂಡಿತು.

ಎಷ್ಟು ಹತ್ತಿರ ಅಂದರೆ ಹತ್ತಿರ? ಎಡ್ವರ್ಡ್ ಹಾಲ್ ಅನ್ನುವ ಮಾನವಶಾಸ್ತ್ರಜ್ಞ 1966ರಲ್ಲಿ ಕೊಟ್ಟ ಲೆಕ್ಕ ಎಲ್ಲ ಕಡೆ ಸಿಗುತ್ತದೆ: 45 ಸೆಂ.ಮೀ. ಒಳಗೆ ತೀರಾ ಆಪ್ತರು, 1.2 ಮೀಟರ್ ತನಕ ಸ್ನೇಹಿತರು. ಆದರೆ ಅದು ಅಮೆರಿಕದ ಮಧ್ಯಮ ವರ್ಗದವರನ್ನು ನೋಡಿ ಬರೆದದ್ದು. ಕೆಂಪು ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂರುವ ನಮಗೆ ಅದನ್ನೇ ಹಾಕಿದರೆ ರೋಬೋಟ್ ದಿನವಿಡೀ ಹಿಂದೆ ವಾಲಿಕೊಂಡೇ ಇರುತ್ತದೆ. ನಾನು 20 ಸೆಂ.ಮೀ. ಇಟ್ಟೆ. ಮಕ್ಕಳು ಅದನ್ನೂ ದಾಟಿ ಮೂಗು ತಾಗಿಸುತ್ತಾರೆ.

ಎಚ್‌ಸಿ-ಎಸ್‌ಆರ್04 ಬಳಕೆ ಸುಲಭ. ಸದ್ದು ಹೋಗಿ ಬಂದ ಮೈಕ್ರೊಸೆಕೆಂಡನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್. ಎಡವುವ ಜಾಗ ಒಂದಿದೆ: ಪಲ್ಸ್‌ಇನ್ ಫಂಕ್ಷನ್ನಿಗೆ (ಆ ಹೊತ್ತು ಅಳೆಯುವುದು ಇದೇ) ಗಡುವು ಕೊಡದಿದ್ದರೆ ಪ್ರತಿಧ್ವನಿ ಬಾರದಾಗ ಅದು ಒಂದು ಸೆಕೆಂಡು ತನಕ ಕಾಯುತ್ತಾ ಕೂತುಬಿಡಬಹುದು, ಕತ್ತು ಅರ್ಧದಲ್ಲಿ ಸೆಟೆದು ನಿಲ್ಲುತ್ತದೆ. 25000 ಮೈಕ್ರೊಸೆಕೆಂಡ್ ಗಡುವು ಕೊಡಿ.

ಇಷ್ಟೆಲ್ಲ ಮಾಡಿ, ನನ್ನ ಮೇಲೆ ಪರೀಕ್ಷೆ ಮಾಡಿಕೊಂಡು, ಅಜ್ಜಿಯನ್ನು ಕರೆದೆ. ಸಂಜೆ, ಮಳೆ, ಚಳಿ. ಅವಳು ಉಣ್ಣೆ ಶಾಲು ಹೊದ್ದು ಬಂದು ಕೂತಳು. ರೋಬೋಟ್ ತಲೆ ಎತ್ತಿತು. ಅಜ್ಜಿ ಖುಷಿಯಾಗಿ, "ಒಂದೂರಲ್ಲಿ ಒಬ್ಬ ತೋಟದ ಭಟ್ಟ ಇದ್ದ" ಅಂತ ಶುರು ಮಾಡಿದಳು. ರೋಬೋಟ್ ನಿಧಾನಕ್ಕೆ, ತುಂಬಾ ಚೆಂದವಾಗಿ, ನಾನು ಕಲಿಸಿದ ಹಾಗೇ, ಮುಖ ತಿರುಗಿಸಿ ಗೋಡೆ ನೋಡತೊಡಗಿತು.

ಅಜ್ಜಿ ಮಾತು ನಿಲ್ಲಿಸಿದಳು. ಅದನ್ನೇ ಸ್ವಲ್ಪ ಹೊತ್ತು ನೋಡಿದಳು. "ಅದಕ್ಕೆ ಬೇಡವಂತೆ" ಅಂದು ಎದ್ದು ಒಳಗೆ ಹೋದಳು. ಬೇಜಾರಾಗಿದ್ದು ನಿಜವಾಗಿಯೂ. ಅದು ಬಟ್ಟಲು ಅಂತ ಗೊತ್ತಿದ್ದೂ.

ಉಣ್ಣೆ ಅಲ್ಟ್ರಾಸಾನಿಕ್ ಸದ್ದನ್ನು ಹೀರಿಕೊಳ್ಳುತ್ತದೆ, ವಾಪಸ್ ಕಳಿಸುವುದು ಕಡಿಮೆ. ಸೆನ್ಸರಿಗೆ ಎದುರಿಗೆ ಯಾರೂ ಕಾಣಲಿಲ್ಲ. ನಾನು ಪರೀಕ್ಷೆ ಮಾಡುವಾಗ ಅಂಗಿ ತೊಟ್ಟು ರಟ್ಟು ಹಿಡಿದು ಕೂತಿದ್ದೆ. ತಪ್ಪು ನನ್ನದೇ. ಸರಿಮಾಡಿದ್ದು ಹೀಗೆ: ಐದು ಸಲ ಅಳೆದು ನಡುವಿನ ಅಳತೆ ತೆಗೆದುಕೊಳ್ಳುವುದು. ಎದುರಿಗೆ ಯಾರೂ ಇಲ್ಲ ಅಂತ ಸತತ ಎಂಟು ಸೆಕೆಂಡು ಬಂದರೆ ಮಾತ್ರ ನಂಬುವುದು. ಆ ಎಂಟು ಸೆಕೆಂಡಿನಲ್ಲಿ ಮೈಕಿಗೆ ಮಾತು ಕೇಳಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಸಂಶಯ ಬಂದರೆ ಯಾರೋ ಇದ್ದಾರೆ ಅಂತಲೇ ಇಟ್ಟುಕೊಳ್ಳಲಿ. ಖಾಲಿ ಕುರ್ಚಿಯನ್ನು ನೋಡುತ್ತಾ ಕೂತರೆ ಯಾರಿಗೂ ನೋವಾಗುವುದಿಲ್ಲ. ಕೂತವರಿಗೆ ಬೆನ್ನು ತಿರುಗಿಸಿದರೆ ಆಗುತ್ತದೆ.

6. ಹೂಂ ಯಾವಾಗ

ಜಪಾನಿ ಭಾಷೆಯಲ್ಲಿ ನಮ್ಮ ಹೂಂಗುಟ್ಟುವುದಕ್ಕೆ ಐಝುಚಿ ಅನ್ನುತ್ತಾರೆ. ಮೂಲದಲ್ಲಿ ಅದು ಕಮ್ಮಾರರ ಮಾತು. ಇಬ್ಬರು ಎದುರುಬದುರು ನಿಂತು ಒಂದೇ ಕಬ್ಬಿಣಕ್ಕೆ ಸರದಿಯಲ್ಲಿ ಸುತ್ತಿಗೆ ಹೊಡೆಯುತ್ತಾರಲ್ಲ, ಆ ಎರಡನೆಯವನ ಏಟು. ಒಂದು ಚೂರು ಮುಂಚೆ ಬಿದ್ದರೆ ಸುತ್ತಿಗೆಗೆ ಸುತ್ತಿಗೆ ತಾಗುತ್ತದೆ, ತಡವಾದರೆ ಕಬ್ಬಿಣ ಆರುತ್ತದೆ.

ಜನ ಮಾತಿಗೆ ಮಾತು ಕೊಡುವಾಗ ನಡುವೆ ಬಿಡುವ ಜಾಗ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು ಅಂತ ಹಲವು ಭಾಷೆಗಳನ್ನು ಅಳೆದವರು ಕಂಡಿದ್ದಾರೆ. ಮನುಷ್ಯರು ವಾಕ್ಯ ಮುಗಿಯುವುದನ್ನು ಮೊದಲೇ ಊಹಿಸುತ್ತಾರೆ, ಅದಕ್ಕೇ ಅಷ್ಟು ಬೇಗ. ನಮ್ಮ ಬಟ್ಟಲಿಗೆ ಊಹೆ ಬಾರದು, ಮೌನ ಬಂದ ಮೇಲೆಯೇ ಅದಕ್ಕೆ ಗೊತ್ತಾಗುವುದು. ಹಾಗಾಗಿ ನಿಯಮ ಸರಳವಾಗಿಡಿ. ಕನಿಷ್ಠ ಎರಡು ಸೆಕೆಂಡು ಮಾತು ನಡೆದಿರಬೇಕು. ಆಮೇಲೆ 400 ಮಿಲಿಸೆಕೆಂಡ್ ಮೌನ ಬಂದರೆ ಒಂದು ಹೂಂ. ಹಿಂದಿನ ಹೂಂ ಆಗಿ ಮೂರು ಸೆಕೆಂಡು ಆಗಿರಬೇಕು. ನಾಲ್ಕರಲ್ಲಿ ಒಂದು ಸಲ ಬೇಕಂತಲೇ ಬಿಟ್ಟುಬಿಡಿ, ಏಳರಲ್ಲಿ ಒಂದು ಸಲ ಹೂಂ ಬದಲು ಆಯ್ತು ಮಾಡಿಸಿ. ತಪ್ಪದೆ ತಲೆದೂಗುವವರನ್ನು ಯಾರೂ ನಂಬುವುದಿಲ್ಲ, ಆಫೀಸಿನ ಮೀಟಿಂಗಿನಲ್ಲಿ ನೋಡಿದ್ದೀರಲ್ಲ.

ಅಯ್ಯೋ ಮಾತ್ರ ತಾನಾಗಿ ಮಾಡಿಸಬೇಡಿ. ಮದುವೆಯ ಸುದ್ದಿಗೆ ಅಯ್ಯೋ ಅಂದರೆ ಮುಗಿಯಿತು ಕತೆ. ಅದನ್ನು ಒಂದೇ ಸಂದರ್ಭಕ್ಕೆ ಇಟ್ಟಿದ್ದೇನೆ: ಮಾತು ನಡೆಯುತ್ತಾ ಇದ್ದು ಒಮ್ಮೆಲೇ ಐದು ಸೆಕೆಂಡು ಮೌನವಾದರೆ ತಲೆ ಓರೆಯಾಗಿ ಕಾಯುತ್ತದೆ. ದುಃಖವಿದ್ದರೆ ಅದು ಕನಿಕರವಾಗಿ ಕಾಣುತ್ತದೆ, ಹೇಳುವವರು ಮರೆತು ನಿಂತಿದ್ದರೆ "ಆಮೇಲೆ?" ಅಂದಂತೆ ಕಾಣುತ್ತದೆ. ಎರಡಕ್ಕೂ ಸಲ್ಲುವ ಚಲನೆ ಇದೊಂದೇ ನನಗೆ ಸಿಕ್ಕಿದ್ದು.

ಮೈಕಿನ ವಿಷಯ. ಮ್ಯಾಕ್ಸ್4466ಗೆ 5 ವೋಲ್ಟ್ ಕೊಟ್ಟರೆ ಮೌನದಲ್ಲಿ ಬೋರ್ಡು ಓದುವ ಸಂಖ್ಯೆ 512ರ ಹತ್ತಿರ ಇರುತ್ತದೆ. 50 ಮಿಲಿಸೆಕೆಂಡಿನಲ್ಲಿ ಬಂದ ಅತಿ ದೊಡ್ಡ ಮತ್ತು ಅತಿ ಚಿಕ್ಕ ಸಂಖ್ಯೆಯ ಅಂತರವೇ ಸದ್ದಿನ ಜೋರು. ಶುರುವಿನಲ್ಲಿ ಐದು ಸೆಕೆಂಡು ಕೋಣೆಯ ಸದ್ದನ್ನು ತಾನೇ ಅಳೆದುಕೊಳ್ಳಲಿ. ಫ್ಯಾನು, ಹೆಂಚಿನ ಮೇಲಿನ ಮಳೆ ಎಲ್ಲ ಅದರಲ್ಲಿ ಸೇರಲಿ. ಅದಕ್ಕಿಂತ ದುಪ್ಪಟ್ಟು ಬಂದರೆ ಮಾತು ಅಂತ ಲೆಕ್ಕ. ಗೇನ್ (ಮೈಕು ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ತಿರುಗಿಸಲು ಮಾಡ್ಯೂಲಿನ ಹಿಂದೆ ಸಣ್ಣ ಸ್ಕ್ರೂ ಇದೆ.

ಮೊದಲ ರಾತ್ರಿ ನನ್ನ ರೋಬೋಟ್ ಖಾಲಿ ಕೋಣೆಯಲ್ಲಿ ಒಂದೇ ಸಮ ತಲೆದೂಗುತ್ತಿತ್ತು. ಮೋಟಾರಿನ ಗುರ್ ಸದ್ದನ್ನು ಮೈಕು ಮಾತು ಅಂದುಕೊಂಡಿತ್ತು. ತನ್ನ ಹೂಂಗೆ ತಾನೇ ಹೂಂ. ಕತ್ತು ಆಡುವಷ್ಟು ಹೊತ್ತು ಮತ್ತು ಆಮೇಲಿನ 200 ಮಿಲಿಸೆಕೆಂಡು ಮೈಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೈಕನ್ನು ತಲೆಯಿಂದ ದೂರ, ಮೇಜಿನ ಮೇಲೆ ಸ್ಪಂಜಿನ ತುಂಡಿನ ಮೇಲಿಡಿ. ಹೀಗೆ ಮಾಡಿದರೆ ಉಸಿರಾಟದ ಆ ಒಂದು ಡಿಗ್ರಿ ಚಲನೆ ನಡೆಯುವಾಗಲೂ ರೋಬೋಟ್ ಕಿವುಡಾಗುತ್ತದೆ. ಎದುರಿಗೆ ಮಾತು ನಡೆಯುವಾಗ ಅದನ್ನು ನಿಲ್ಲಿಸಿಬಿಟ್ಟೆ. ಕೇಳುವಾಗ ಉಸಿರು ಹಿಡಿದಂತೆ ಕಂಡು ಅದೇ ಚೆನ್ನಾಗಿ ಕೂತಿತು.

7. ಮೈ ಸುಳ್ಳು ಹೇಳದಿರಲಿ

ನಮ್ಮ ರೋಬೋಟಿಗೆ ಕರುಣೆ ಇಲ್ಲ. ಕರುಣೆ ಎದುರಿನವರ ಮನಸ್ಸಿನಲ್ಲಿ ಹುಟ್ಟುತ್ತದೆ, ಅದೂ ಅವರು ಬೇಡ ಅಂದುಕೊಂಡರೂ. 2018ರಲ್ಲಿ ಜರ್ಮನಿಯಲ್ಲಿ ಒಂದು ಪ್ರಯೋಗ ನಡೆಯಿತು. ನಾವೊ ರೋಬೋಟಿನ ಜತೆ ಕೆಲಸ ಮಾಡಿದ ಮೇಲೆ ಅದನ್ನು ಆಫ್ ಮಾಡಲು ಹೇಳಿದರು. 43 ಜನರ ಎದುರು ಅದು "ದಯವಿಟ್ಟು ಆಫ್ ಮಾಡಬೇಡಿ" ಅಂತ ಬೇಡಿಕೊಂಡಿತು. 13 ಜನ ಆಫ್ ಮಾಡಲೇ ಇಲ್ಲ. ಇನ್ನು ಸೋನಿಯ ನಾಯಿ ರೋಬೋಟ್ ಐಬೊ 1999ರಲ್ಲಿ ಬಂತು. ಕಂಪನಿ ರಿಪೇರಿ ನಿಲ್ಲಿಸಿದ ಮೇಲೆ, 2015ರಿಂದ ಜಪಾನಿನ ಚಿಬಾ ಪ್ರಾಂತದ ಒಂದು ಬೌದ್ಧ ದೇಗುಲದಲ್ಲಿ ಅವುಗಳಿಗೆ ಸಾಲಾಗಿ ಅಂತ್ಯಕ್ರಿಯೆ ಮಾಡಿದರು.

ಇಷ್ಟು ಜೋರಾದ ಹಿಡಿತ ನಿಮ್ಮ ಕೈಯಲ್ಲಿದ್ದಾಗ ಎರಡು ಮೂರು ಕಟ್ಟುಪಾಡು ಬೇಕು. ಮೈಕ್ ಆಫ್ ಇದ್ದಾಗ ತಲೆ ಕೇಳುವ ಭಂಗಿಯಲ್ಲಿ ಇರಬಾರದು. ಕೇಳುವ ಭಂಗಿಯಲ್ಲಿ ಇಲ್ಲದಾಗ ಮೈಕ್ ಆನ್ ಇರಬಾರದು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ. ಮಾತು ರೆಕಾರ್ಡ್ ಮಾಡಬೇಡಿ. ನಮ್ಮ ಮಾಡ್ಯೂಲು ಸದ್ದಿನ ಜೋರು ಮಾತ್ರ ಅಳೆಯುತ್ತದೆ, ಹಾಗೇ ಇರಲಿ, ಅದನ್ನು ಕೂತವರಿಗೆ ಬಾಯಿಬಿಟ್ಟು ಹೇಳಿ.

ಆಫ್ ಮಾಡುವ ಚಲನೆಯ ಬಗ್ಗೆ ಯೋಚಿಸಿ. ಸ್ವಿಚ್ ಒತ್ತಿದರೆ ತಲೆ ಪಟ್ಟಂತ ಕೆಳಗೆ ಬೀಳುವಂತೆ ನಾನು ಮಾಡಿದ್ದೆ. ಪಕ್ಕದ ಮನೆಯ ಐದು ವರ್ಷದ ಹುಡುಗಿ "ಮಾಮ, ಸತ್ತೋಯ್ತಾ?" ಅಂತ ಅಳಲು ಶುರು ಮಾಡಿದಳು. ಈಗ ತಲೆ ನೇರ ಮಧ್ಯಕ್ಕೆ ಬಂದು ಸಮನಾಗಿ ನಿಲ್ಲುತ್ತದೆ. ಪಾತ್ರೆ ತೊಳೆದು ಶೆಲ್ಫಿನಲ್ಲಿ ಇಟ್ಟ ಹಾಗೆ.

8. ಗೊತ್ತಿಲ್ಲದವರಿಗೆ ತೋರಿಸಿ

ಐದಾರು ಜನ ಸಾಕು. ಏನು ಎತ್ತ ಹೇಳಬೇಡಿ. ಒಂದೊಂದು ಚಲನೆ ತೋರಿಸಿ "ಇದೇನು ಮಾಡ್ತಿದೆ?" ಅಂತ ಕೇಳಿ. "ಇದಕ್ಕೆ ಬೇಜಾರಾಗಿದೆಯಾ?" ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ. ಅವರು ಬಳಸುವ ಕ್ರಿಯಾಪದ ಬರೆದುಕೊಳ್ಳಿ. "ಅಲ್ಲಾಡ್ತಿದೆ", "ತಿರುಗ್ತಿದೆ" ಅಂದರೆ ಇನ್ನೂ ಕೆಲಸ ಇದೆ. "ಕೇಳಿಸ್ಕೊಳ್ತಿದೆ", "ಕಾಯ್ತಿದೆ" ಅಂದರೆ ಆ ಚಲನೆಯನ್ನು ಮತ್ತೆ ಮುಟ್ಟಬೇಡಿ.

9. ಕತೆ ನಿಲ್ಲುವುದು

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಶಾಲಿನ ಗಲಾಟೆ ಸರಿಹೋದ ಮೇಲೆ ಅಜ್ಜಿ ಮತ್ತೆ ಕೂತಳು, ಅರ್ಧ ಗಂಟೆ ಹೇಳಿದಳು ಅಂದೆನಲ್ಲ. ಮರುದಿನ ಮುಕ್ಕಾಲು ಗಂಟೆ. ಅದರ ಮಾರನೇ ದಿನ ಸುಸ್ತಾಗಿ ನನ್ನನ್ನು ಕರೆದಳು. "ಇದು ಮಲಗೋದೇ ಇಲ್ಲವಲ್ಲೋ. ನಾನು ನಿಲ್ಲಿಸೋದು ಯಾವಾಗ?"

ಅವಳ ಎಣಿಕೆಯಲ್ಲಿ ಕತೆ ಮುಗಿಯುವುದು ಹೂಂ ನಿಂತಾಗ. ಎಂಬತ್ತು ಚಿಲ್ಲರೆ ವರ್ಷದಲ್ಲಿ ಯಾವ ಮಗುವೂ ಹೂಂ ನಿಲ್ಲಿಸದೆ ಇದ್ದದ್ದಿಲ್ಲ.

ಬಟ್ಟಲಿಗೆ ನಿದ್ದೆ ಬರುವುದಿಲ್ಲ, ಬಂದಂತೆ ಮಾಡಿಸಿದರೆ ನನ್ನದೇ ಕಟ್ಟುಪಾಡು ಮುರಿದಂತೆ ಅಲ್ವಾ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ಇಪ್ಪತ್ತು ನಿಮಿಷವಾದ ಮೇಲೆ ಮೈಕನ್ನು ನಿಜವಾಗಿಯೂ ನಿಲ್ಲಿಸಿಬಿಟ್ಟರೆ ಸುಳ್ಳೆಲ್ಲಿ ಬಂತು? ಕೋಡಿಗೆ ಸೇರಿಸಿದ್ದು ಇಷ್ಟು. ಹದಿನೇಳನೇ ನಿಮಿಷದಿಂದ ಹೂಂಗಳ ನಡುವಿನ ಕನಿಷ್ಠ ಅಂತರ 3 ಸೆಕೆಂಡಿನಿಂದ 5, ಆಮೇಲೆ 9, ಆಮೇಲೆ 15. ಒಂದೊಂದು ಹೂಂ ಆದ ಮೇಲೂ ತಲೆ ಮೇಲೆ ಬರುವಾಗ ಎರಡು ಡಿಗ್ರಿ ಕಡಿಮೆ ಬರುತ್ತದೆ. ಇಪ್ಪತ್ತಕ್ಕೆ ಮೈಕ್ ಬಂದ್. ತಲೆ 25 ಡಿಗ್ರಿ ಬಾಗಿ ನಿಲ್ಲುತ್ತದೆ. ಆಫ್ ಸ್ವಿಚ್ಚಿನ ಭಂಗಿಯ ಜತೆ ಇದು ಕಲಸಿಹೋಗುವುದಿಲ್ಲ.

ಅಜ್ಜಿಗೆ ಇದನ್ನು ಹೇಳಿರಲಿಲ್ಲ. ಆ ಸಂಜೆ ಹದಿನೆಂಟನೇ ನಿಮಿಷದ ಹೊತ್ತಿಗೆ ಅವಳ ದನಿ ತಾನಾಗಿ ತಗ್ಗಿತು. ಭಟ್ಟನನ್ನು ತೋಟದ ಬೇಲಿಯ ಹತ್ತಿರವೇ ಬಿಟ್ಟು, ಬಟ್ಟಲಿನ ಕಡೆ ಬಗ್ಗಿ, "ಏನೋ, ನಿದ್ದೆ ಬಂತಾ?" ಅಂದಳು. ಒಂದು ಗಳಿಗೆ ಕಾದಳು. ಆಮೇಲೆ ಎದ್ದು ಲೈಟ್ ಆರಿಸಿದಳು.